ಗಳ ಇಳಿಸಿದ ಸೊಸೆ

ನಂಜನಗೂಡಿನ ನಮ್ಮ ಮನೆಯ ಹಿಂದಿನ ಅಂಕಣದಲ್ಲಿ, ತೊಲೆಗೆ ಕಟ್ಟಿದ ಎರಡು ಹಗ್ಗಗಳಿಂದ ಒಂದು ಬಿದಿರಿನ ಗಳ ತೂಗುತ್ತಿತ್ತು. ಅದು ಅತ್ತೆಯ ಮಡಿ ಒಣಗುವ ಜಾಗ. ಅವರು ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಸೀರೆಯನ್ನು ಹಿಂಡಿ, ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ ಒಂದೇ ಬೀಸಿಗೆ ಗಳದ ಮೇಲೆ ಹರವುತ್ತಿದ್ದರು. ಮಾರನೆಯ ದಿನ ಅದನ್ನು ಕೋಲಿನಿಂದಲೇ ಇಳಿಸಿ, ಉಟ್ಟು, ಅಡುಗೆಗೆ ನಿಲ್ಲುತ್ತಿದ್ದರು. ನಡುವೆ ಯಾರ ಮೈ ತಾಗಿದರೂ ಮಡಿ ಕೆಟ್ಟಂತೆ, ಅದಕ್ಕೇ ಗಳ ಅಷ್ಟು ಎತ್ತರ. ಟಿ. ನರಸೀಪುರದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಆ ಕೋಲು ಹಿಡಿದು ನೋಡಿ, ಒದ್ದೆ ಸೀರೆಯನ್ನು ನನ್ನ ತಲೆಯ ಮೇಲೇ ಕೆಡವಿಕೊಂಡಿದ್ದೆ. ಅತ್ತೆ ನಗಲಿಲ್ಲ. ನಾಳೆ ಬರತ್ತೆ ಅಂದರು, ಅಷ್ಟೆ.

ನಾನು ಯಾರನ್ನೂ ಸುಲಭಕ್ಕೆ ಮೆಚ್ಚುವವಳಲ್ಲ. ಅತ್ತೆಯನ್ನು ಮೆಚ್ಚಿಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು. ಆದರೆ ಆ ಬೀಸನ್ನು ಮಾತ್ರ ಮೊದಲ ದಿನವೇ ಮೆಚ್ಚಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವರಿಗೆ ಐವತ್ತು ದಾಟಿತ್ತು. ಬಲ ಭುಜ ನೋಯಲು ಶುರುವಾದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಅವರ ತುರುಬಿನಿಂದ. ನೆತ್ತಿಯ ಹಿಂದೆ ನೆಟ್ಟಗೆ ಕೂರುತ್ತಿದ್ದ ತುರುಬು ದಿನದಿನಕ್ಕೂ ಎಡಗಿವಿಯ ಕಡೆ ಜಾರತೊಡಗಿತು. ಕೊನೆಗೊಂದು ಸಂಜೆ, ದೀಪ ಹಚ್ಚುವ ಮುಂಚೆ, ಬಾಚಣಿಗೆಯನ್ನು ನನ್ನ ಮುಂದಿಟ್ಟು ಬೆನ್ನು ತಿರುಗಿಸಿ ಕೂತರು. ನಾನು ಬಾಚಿ ತುರುಬು ಹಾಕಿದೆ.

ಅವರ ಭಯ ತುರುಬಿನದಲ್ಲ, ಗಳದ್ದು. ನಾನೇ ಸ್ನಾನ ಮಾಡಿ ಸೀರೆ ಹರವಿಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಅವರವರ ಮಡಿ ಅವರವರದೇ. ಕೈ ಏಳದಿದ್ದರೆ ಮಡಿ ಇಲ್ಲ, ಮಡಿ ಇಲ್ಲದಿದ್ದರೆ ಅಡುಗೆಮನೆ ಇಲ್ಲ. "ಒಲೆ ಮುಂದೆ ನಿಲ್ಲಕ್ಕಾಗದೆ ಹೋದ್ರೆ, ನಾನು ಈ ಮನೇಲಿ ಯಾತಕ್ಕೆ ಕಣೆ?" ಅಂದರು ಒಂದು ದಿನ. ಆ ಹೆಂಗಸಿನ ಬಾಯಲ್ಲಿ ಅಂಥ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ಆಗ ನಾನು ಬುದ್ಧಿ ಉಪಯೋಗಿಸಿದೆ. ಅವರು ಮಧ್ಯಾಹ್ನ ಮಲಗಿದ್ದಾಗ ಯಜಮಾನರಿಂದ ಹಗ್ಗ ಸಡಿಲ ಮಾಡಿಸಿ ಗಳವನ್ನು ಎದೆಯ ಮಟ್ಟಕ್ಕೆ ಇಳಿಸಿದೆ. ಎದ್ದು ನೋಡಿದ ಅತ್ತೆಯ ಕಣ್ಣು ತುಂಬಿತು. ಪಕ್ಕದ ಮನೆಯವರ ಮುಂದೆಲ್ಲ ಹೊಗಳಿದರು. ನಾನು ಉಬ್ಬಿಹೋದೆ. ಸಾಸಿವೆ ಡಬ್ಬಿ, ಉಪ್ಪಿನಕಾಯಿ ಜಾಡಿ, ಅರಿಶಿನ ಕುಂಕುಮದ ಬಟ್ಟಲು, ಎಲ್ಲವನ್ನೂ ಮೇಲಿನ ಹಲಗೆಯಿಂದ ಕೆಳಕ್ಕೆ ತಂದೆ. ಅವರು ಕೈ ಚಾಚುವ ಮೊದಲೇ ಬೇಕಾದದ್ದು ಕೈಯಲ್ಲಿರುತ್ತಿತ್ತು. ಅವರು ಬಲಗೈಯನ್ನು ಸೆರಗಿನೊಳಗೆ ಮಡಿಸಿಟ್ಟುಕೊಂಡು, ಹಸುಗೂಸನ್ನು ಎತ್ತಿಕೊಂಡವರ ಹಾಗೆ ಓಡಾಡುತ್ತಿದ್ದರು. ಮೂರು ತಿಂಗಳಲ್ಲಿ, ಮೊದಲು ಬರೀ ನೋಯುತ್ತಿದ್ದ ಕೈ ಭುಜದ ಮಟ್ಟಕ್ಕೂ ಏಳದಾಯಿತು.

ಆಗಲೇ ನಮ್ಮಪ್ಪ ಬಂದದ್ದು. ಅಪ್ಪ ಟಿ. ನರಸೀಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು, ಆಳು ಆರಡಿ. ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ಒಂದು ಚೀಲ ಬದನೆಕಾಯಿ ಹಿಡಿದು ಬಂದವರು, ಕಾಲು ತೊಳೆಯಲು ನೇರ ಹಿತ್ತಲಿನ ಕಡೆ ನಡೆದರು. ಎದೆಗೆ ಅಡ್ಡ ಬಂದ ಗಳ ಕಂಡು ಬಗ್ಗುವಷ್ಟರಲ್ಲಿ ಒದ್ದೆ ಸೀರೆ ಅವರ ಮುಖಕ್ಕೇ ಸುತ್ತಿಕೊಂಡಿತು. ಬೀಗಿತ್ತಿಯ ಮಡಿ ಕೆಡಿಸಿದೆನಲ್ಲ ಎಂದು ಅಪ್ಪ ನಾಲಿಗೆ ಕಚ್ಚಿಕೊಂಡು ನಿಂತರು. ಅತ್ತೆ, ಪರವಾಗಿಲ್ಲ, ಇನ್ನೊಂದು ಸಲ ಒಗೆದರಾಯಿತು ಎನ್ನುತ್ತಾ ಸೀರೆಗೆ ಬಲಗೈ ಚಾಚಿದರು. ಕೈ ಅರ್ಧಕ್ಕೇ ನಿಂತಿತು. ಎಡಗೈಯಲ್ಲಿ ಎಳೆದುಕೊಂಡರು.

ಗಳ ಇಳಿಸಿದವರು ಯಾರು ಎಂದು ಅಪ್ಪ ನನ್ನನ್ನು ಆಚೆ ಕರೆದು ಕೇಳಿದರು. ನಾನೇ ಅಂದೆ, ಹೆಮ್ಮೆಯಿಂದ.

"ಪ್ರೀತಿಯಿಂದ ಅವರ ಕೈ ಕಟ್ಟಿಹಾಕಿದ್ದೀಯಲ್ಲೇ ಮಗಳೇ."

ನನಗೆ ಕೆಂಡದಂಥ ಕೋಪ ಬಂತು. ಹುಡುಗರಿಗೆ ಸೀಟಿ ಊದುವವರಿಗೆ ಅತ್ತೆಯ ಕಷ್ಟ ಏನು ಗೊತ್ತು ಅಂತ ಬೈದುಕೊಂಡೆ. ಅಪ್ಪ ಬಿಡಲಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ ಎಂದು ಹಟ ಹಿಡಿದರು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಮುರಿದದ್ದು ಹರಿದದ್ದು ಏನೂ ಇಲ್ಲ, ಕೀಲು ಹಿಡಿದುಕೊಂಡಿದೆ ಎಂದರು. ಬಿಸಿನೀರು ಹುಯ್ದುಕೊಂಡು ದಿನಾ ಮೆಲ್ಲಗೆ ಆಡಿಸಬೇಕು, ಮಡಿಸಿಟ್ಟಷ್ಟೂ ಬಿಗಿಯುತ್ತದೆ ಎಂದೂ ಹೇಳಿದರು. ಮನೆಗೆ ಬರುವವರೆಗೂ ನಾನು ಬಸ್ಸಿನ ಕಿಟಕಿಯಿಂದ ಆಚೆಯೇ ನೋಡುತ್ತಿದ್ದೆ.

ಬೀಗರ ಮುಂದೆ ಕೈಕಾಲು ಆಡಿಸುವುದೆಂದರೆ ಅತ್ತೆಗೆ ಸಾಯುವಷ್ಟು ನಾಚಿಕೆ. ಹಾಗಾಗಿ ಅಪ್ಪ ಪಾಠವನ್ನು ನನಗೆ ಹೇಳಿದರು, ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು. ಅತ್ತೆಯ ಮಡಿಕೋಲು ಮುಟ್ಟುವ ಹಾಗಿಲ್ಲವಲ್ಲ, ಅಪ್ಪ ತಮ್ಮ ಛತ್ರಿಯನ್ನೇ ಅಡ್ಡಲಾಗಿ ಹಿಡಿದರು. ಎರಡೂ ತುದಿ ಎರಡು ಕೈಯಲ್ಲಿ, ಗಟ್ಟಿ ಕೈ ನೋಯುವ ಕೈಯನ್ನು ಮೇಲಕ್ಕೆ ತಳ್ಳಬೇಕು. ಕಟ್ಟೆಗೆ ಎಡಗೈ ಊರಿ ಬಗ್ಗಿ, ಬಲಗೈಯನ್ನು ಬಾವಿ ಹಗ್ಗದ ಹಾಗೆ ಇಳಿಬಿಟ್ಟು, ಸಣ್ಣಗೆ ಸುತ್ತಿಸಬೇಕು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸಬೇಕು. ಎಳೆದಂತಾದರೆ ಸರಿ, ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ ನಾಳೆ ನೋಡಬೇಕು. ಬಿಂದಿಗೆ ಒಂದೇ ಸೊಂಟಕ್ಕೆ ಬೇಡ, ಒರಳಿನಲ್ಲಿ ರುಬ್ಬುವಾಗ ಕೈ ಬದಲಿಸಬೇಕು, ಮಲಗುವಾಗ ತೋಳಿನ ಕೆಳಗೊಂದು ದಿಂಬು. ಕೊನೆಗೆ ಬಾಗಿಲ ಕಡೆ ನೋಡದೆ, ಸ್ವಲ್ಪ ಗಟ್ಟಿಯಾಗಿ, ಗಳವನ್ನು ಸೋಮವಾರಕ್ಕೊಂದು ಬೆರಳು ಮೇಲಕ್ಕೆ ಕಟ್ಟಿ ಅಂದರು.

ಅಲ್ಲಿಂದ ಒಂದು ವರ್ಷ ನಾನು ಕಂಡದ್ದನ್ನು ಇನ್ನೆಲ್ಲೂ ಕಂಡಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿನ ಬಿಸಿನೀರಿನಿಂದ ಎದ್ದು ಬಂದವರು, ಮಡಿಕೋಲನ್ನು ಅಡ್ಡ ಹಿಡಿದು, ಹಲ್ಲು ಕಚ್ಚಿ, ಎಣಿಸಿಕೊಂಡು ಹತ್ತು ಸಲ ಎತ್ತುತ್ತಿದ್ದರು. ಅಡುಗೆಮನೆಯ ಗೋಡೆಯಲ್ಲಿ, ಸೋಮವಾರ ಬೆರಳು ಮುಟ್ಟಿದ ಕಡೆ ಒಂದು ಕುಂಕುಮದ ಚುಕ್ಕೆ ಇಡುತ್ತಿದ್ದರು. ಕೆಲವು ವಾರ ಚುಕ್ಕೆಯ ಮೇಲೇ ಚುಕ್ಕೆ. ಒಂದು ಸಲ ಆತುರಬಿದ್ದು ಜಗ್ಗಿ, ವಾರವಿಡೀ ನರಳಿದರು. ಆ ಸೋಮವಾರ ಗಳವನ್ನು ಎರಡು ಬೆರಳು ಇಳಿಸಬೇಕಾಯಿತು. "ಇಳಿಸು ಅಂದಿದ್ದು ನಾನು ಕಣೆ, ನೀನಲ್ಲ, ನೆನಪಿಟ್ಕೊ" ಅಂದರು ಅಳುತ್ತಲೇ.

ನನಗೂ ಒಂದು ಅಭ್ಯಾಸವಿತ್ತು, ಅವರದಕ್ಕಿಂತ ಕಷ್ಟದ್ದು. ಸಾಸಿವೆ ಡಬ್ಬಿ ಮತ್ತೆ ಹಲಗೆ ಹತ್ತಿತ್ತು. ಒಗ್ಗರಣೆಯ ಎಣ್ಣೆ ಕಾಯುತ್ತಿದ್ದರೂ ಅತ್ತೆಯ ಬೆರಳು ಡಬ್ಬಿಯ ಬುಡದಲ್ಲಿ ತಡಕಾಡುತ್ತಿದ್ದಾಗ, ಹಾರಿ ತೆಗೆದುಕೊಡದೆ ಕೈ ಕಟ್ಟಿಕೊಂಡು ನಿಲ್ಲುವುದು. ನಾನು ಎಷ್ಟೋ ಸಲ ಹಿತ್ತಲಿಗೆ ಓಡಿಹೋಗಿದ್ದೇನೆ.

ಮುಂದಿನ ವರ್ಷ ಚಳಿ ಮುಗಿಯುವ ಹೊತ್ತಿಗೆ ಹಗ್ಗದ ಗಂಟು ತೊಲೆಯ ಹಳೆಯ ಗುರುತಿಗೆ ಬಂತು. ಅತ್ತೆ ಕೋಲಿನ ತುದಿಗೆ ಸೀರೆ ಸಿಕ್ಕಿಸಿ ಒಂದೇ ಬೀಸಿಗೆ ಹರವಿದರು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಅದಾದ ಮೇಲೆ ಅಪ್ಪ ಬಂದಾಗ, ಅಭ್ಯಾಸಬಲದಿಂದ ಅಂಕಣದಲ್ಲಿ ತಲೆ ಬಗ್ಗಿಸಿದರು. ಬಾಗಿಲ ಹಿಂದಿನಿಂದ ದನಿ ಬಂತು. "ಬೀಗರಿಗೆ ಹೇಳಮ್ಮ, ಇನ್ನು ನೆಟ್ಟಗೆ ಓಡಾಡಬಹುದು ಅಂತ."

ತುರುಬೂ ಅವರೇ ಹಾಕಿಕೊಳ್ಳತೊಡಗಿದ್ದರು. ನನಗೆ ಸಂತೋಷವಾಗಬೇಕಿತ್ತು, ಆಗಿತ್ತು ಕೂಡ. ಆದರೆ ಆ ಸಂಜೆಗಳು ಹೋದವಲ್ಲ ಎಂದು ಒಳಗೇ ಸಂಕಟ. ಒಂದು ವರ್ಷಕ್ಕೂ ಮೀರಿ ದಿನಾ ಆ ತಲೆಯನ್ನು ಬಾಚಿದ ಕೈ ಇದು. ಬಾಯಿಬಿಟ್ಟು ಹೇಳುವುದು ಹೇಗೆ?

ಹದಿನೈದು ದಿನ ಕಳೆದಿರಬೇಕು. ದೀಪ ಹಚ್ಚುವ ಮುಂಚೆ ಅತ್ತೆ ಬಂದು, ಬಾಚಣಿಗೆಯನ್ನು ನನ್ನ ಮುಂದಿಟ್ಟು ಬೆನ್ನು ತಿರುಗಿಸಿ ಕೂತರು. ಗಾಬರಿಯಾಗಿ, ಮತ್ತೆ ಕೈ ನೋಯುತ್ತಿದೆಯಾ ಎಂದು ಕೇಳಿದೆ.

ಅವರು ಬಲಗೈಯನ್ನು ನೆತ್ತಿಯ ಮೇಲೆ ನೆಟ್ಟಗೆ ಎತ್ತಿ, ತೋರಿಸಿ, ಇಳಿಸಿದರು.

"ಕೈ ಬರತ್ತೆ. ನೀನು ಹಾಕು."