ಎರಡನೆಯ ಎಳೆತ

ನಮ್ಮ ಮೋಟಾರಿನಲ್ಲಿ ಸೆನ್ಸರ್ ಇರಲಿಲ್ಲ. ಒಳಗಿನ ಆಯಸ್ಕಾಂತ ಯಾವ ಕೋನದಲ್ಲಿದೆ ಎಂದು ತಿಳಿಸುವ ಆ ಭಾಗವನ್ನು ಬೆಲೆ ಇಳಿಸಲೆಂದು ತೆಗೆದುಹಾಕಿದ್ದೆವು. ಮೋಟಾರು ತಿರುಗುತ್ತಿರುವಾಗ ತೊಂದರೆಯಿಲ್ಲ. ತಂತಿಯ ಸುರುಳಿಗಳಲ್ಲಿ ಹುಟ್ಟುವ ವೋಲ್ಟೇಜ್ ನೋಡಿ ನನ್ನ ಪ್ರೋಗ್ರಾಮು ಕೋನವನ್ನು ಲೆಕ್ಕ ಹಾಕುತ್ತಿತ್ತು. ನಿಂತಾಗ ಆ ವೋಲ್ಟೇಜೂ ಇಲ್ಲ. ಹಾಗಾಗಿ ಹೊರಡುವ ಮುಂಚೆ ಕರೆಂಟ್ ಕೊಟ್ಟು, ಆಯಸ್ಕಾಂತವನ್ನು ಗೊತ್ತಿರುವ ಕೋನಕ್ಕೆ ಎಳೆದು ನಿಲ್ಲಿಸಬೇಕು. ಅದು ನೇರ ವಿರುದ್ಧ ದಿಕ್ಕಿಗೆ ನಿಂತಿದ್ದರೆ ಒಂದು ಎಳೆತಕ್ಕೆ ಅಲುಗುವುದಿಲ್ಲ. ಅದಕ್ಕೇ ಬೇರೆ ಬೇರೆ ಕೋನಗಳಿಗೆ ಎರಡು ಸಲ ಎಳೆಯುತ್ತಿದ್ದೆ.

ಬಾರಾನಗರದ ಆ ಸಣ್ಣ ಕಾರ್ಖಾನೆಯಲ್ಲಿ ಸುರುಳಿ ಸುತ್ತುತ್ತಿದ್ದವರು ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ನಾನು ದಾದಾ ಅನ್ನುತ್ತಿದ್ದೆ, ಅವರು ಭಾಯಿ ಅನ್ನುತ್ತಿದ್ದರು. ಕುರುಡನನ್ನು ಕೂರಿಸಿ ಟ್ರಾಮ್ ಓಡಿಸುವ ವಿದ್ಯೆ ಮದ್ರಾಸಿಗಳಿಗೇ ಹೊಳೆಯಬೇಕು ಎಂದು ಹಂಗಿಸುತ್ತಿದ್ದರು. ನನ್ನದು ಮೈಸೂರು ಎಂದರೆ, ಇಡ್ಲಿ ಒಂದೇ ತಾನೇ ಎನ್ನುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ನಾನು ಸ್ವಿಚ್ ಒತ್ತುವಾಗ ಬಲಗೈಯ ಎರಡು ಬೆರಳನ್ನು ಬೆಲ್ಟು ಸುತ್ತಿದ ಪುಲ್ಲಿಯ ಮೇಲೆ ಇಡುತ್ತಿದ್ದರು. ಮೊದಲ ಎಳೆತಕ್ಕೆ ಬಂಗಾಳಿಯಲ್ಲಿ 'ಏಕ್', ಎರಡನೆಯದಕ್ಕೆ 'ದುಇ' ಎಂದು ಬೆರಳು ತೆಗೆಯುತ್ತಿದ್ದರು. ಆಮೇಲೆ ಮೋಟಾರು ಓಡುತ್ತಿತ್ತು. ಇದು ನಿಯಮಕ್ಕೆ ವಿರುದ್ಧ. ಗೋಡೆಯ ಮೇಲೆ ಬರೆದೂ ಇತ್ತು. ಆದರೆ ಬೇರಿಂಗ್ ಬಿಗಿಯಾದದ್ದು ನನ್ನ ಕಂಪ್ಯೂಟರಿಗಿಂತ ಮೊದಲು ಆ ಬೆರಳುಗಳಿಗೆ ತಿಳಿಯುತ್ತಿತ್ತು. ನಾನು ಯಾವತ್ತೂ ಬೇಡ ಅನ್ನಲಿಲ್ಲ.

ಗಿರಾಕಿಗಳು ಮೋಟಾರು ನೋಡಲು ಬರುವ ಹಿಂದಿನ ಸಂಜೆ, ಸ್ವಿಚ್ ಒತ್ತಿದ ಮೇಲೆ ಇದು ಬಹಳ ಹೊತ್ತು ಯೋಚಿಸುತ್ತದೆ ಎಂದು ಮಾಲೀಕರು ಗೊಣಗಿದರು. ಎರಡನೆಯ ಎಳೆತವನ್ನು ತೆಗೆದುಬಿಟ್ಟೆ. ಹತ್ತು ಸಲ ಓಡಿಸಿದೆ, ಹತ್ತು ಸಲವೂ ಹೊರಟಿತು. ದಾದಾ ಅಷ್ಟರಲ್ಲಿ ಬೆಹಾಲಾದ ಮನೆಗೆ ಹೊರಟುಹೋಗಿದ್ದರು. ಬೆಳಿಗ್ಗೆ ಅವರಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅದು ಪ್ರೋಗ್ರಾಮಿನ ವಿಷಯ, ಅವರದಲ್ಲ ಅಂದುಕೊಂಡಿದ್ದೆ.

ಗಿರಾಕಿಗಳು ಬರುವ ಮುಂಚೆ ಒಮ್ಮೆ ಓಡಿಸಿ ನೋಡೋಣವೆಂದು ಸ್ವಿಚ್ ಒತ್ತಿದೆ. ದಾದಾ ಎಂದಿನಂತೆ ಬೆರಳಿಟ್ಟು 'ಏಕ್' ಅಂದರು. ಬೆಲ್ಟು ಬೆರಳುಗಳನ್ನು ಎಳೆದುಕೊಂಡಿತು. ಎರಡೂ ನಡುಗೆಣ್ಣಿನವರೆಗೆ ತುಂಡಾಗಿ ಹೋದವು.

ಎರಡು ವಾರದ ಮೇಲೆ ಮಾಲೀಕರು ತಮ್ಮ ಕೋಣೆಗೆ ಕರೆಸಿದರು. ದಾದಾ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪ್ರೋಗ್ರಾಮಿನಲ್ಲಿ ಏನಾದರೂ ಬದಲಾಗಿತ್ತೇ ಎಂದು ಮಾಲೀಕರು ಕೇಳಿದರು. ಇಲ್ಲ ಅಂದೆ. ಆಮೇಲೆ ದಾದಾ, ತಪ್ಪು ತನ್ನ ಹಳೆಯ ಚಾಳಿಯದು ಎಂದರು. ನಿಯಮ ಮೀರಿದವರೆಂದು ಅವರನ್ನು ಕೆಲಸದಿಂದ ಬಿಡಿಸಿದರು. ಜೊತೆಯ ಎಂಜಿನಿಯರುಗಳೆಲ್ಲ ಸಾಲ್ಟ್ ಲೇಕಿನ ಗಾಜಿನ ಕಟ್ಟಡಗಳ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ, ಆ ಪ್ರೋಗ್ರಾಮು ಬಲ್ಲವನು ನಾನೊಬ್ಬನೇ ಉಳಿದಿದ್ದೆ. ನಿಜ ಹೇಳಿದ್ದರೂ ನನ್ನ ಕೆಲಸ ಹೋಗುತ್ತಿರಲಿಲ್ಲ. ಇದನ್ನು ಈಗ ಲೆಕ್ಕ ಹಾಕಿದ್ದಲ್ಲ. ಆ ಕೋಣೆಯಲ್ಲೇ ನನಗೆ ಗೊತ್ತಿತ್ತು.

ಚಳಿಗಾಲ ಬಂದ ಮೇಲೆ ಬೆಹಾಲಾಕ್ಕೆ ಹೋದೆ. ಅವರ ಹೆಂಡತಿ ಚಹಾ, ಸಂದೇಶ್ ಮಿಠಾಯಿ ತಂದಿಟ್ಟು ಒಳಗೆ ಹೋದರು. ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ.

"ಈಗ ಎರಡು ಸಲ ಎಳೆಯುತ್ತಾ?" ಎಂದು ಅವರೇ ಕೇಳಿದರು.

"ಎಳೆಯುತ್ತೆ, ದಾದಾ."

"ಆವತ್ತು ಮಾಲೀಕರ ಕೋಣೆಯಲ್ಲಿ ನೀನು ಹೇಳ್ತೀಯ ಅಂತ ಕಾದೆ."

ಆಗ ಹೇಳಿದೆ. ಹಿಂದಿನ ಸಂಜೆಯಿಂದ ಹಿಡಿದು ಎಲ್ಲವನ್ನೂ, ಏನೂ ಬಿಡದೆ. ಮಾಲೀಕರ ಮುಂದೆಯೂ ಹೇಳುತ್ತೇನೆ ಎಂದೆ. ಅವರು ಕೊನೆಯವರೆಗೆ ಕೇಳಿದರು. ಹೇಳಬೇಕಾದರೆ ಹೇಳು, ಆದರೆ ಈ ಕೈಯಲ್ಲಿ ಇನ್ನು ತಂತಿ ಸುತ್ತಲಾಗದು ಎಂದರು. ಆಮೇಲೆ, ಸಿಟ್ಟಿಲ್ಲದೆ, "ಇನ್ನು ಇಲ್ಲಿಗೆ ಬರಬೇಡ ಭಾಯಿ. ನೀನು ಬಂದರೆ ಕೈ ನೋಡ್ಕೋಬೇಕಾಗುತ್ತೆ."

ಆದರೂ ಬಸ್ ನಿಲ್ದಾಣದವರೆಗೆ ಬಂದರು. ಬಲಗೈ ಶಾಲಿನೊಳಗಿತ್ತು. ನನ್ನ ಬಸ್ಸಿಗೆ ಎಡಗೈ ಅಡ್ಡ ಹಿಡಿದು ನಿಲ್ಲಿಸಿದರು.