ತಾತ ಕಟ್ಟಿದ ಮೇಳ

ಹೋದ ತಿಂಗಳು ಜಯನಗರದ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಒಬ್ಬಾಕೆ ಬಕೆಟ್ಟಿನಲ್ಲಿ ಜೇನುಹುಟ್ಟು ಇಟ್ಟುಕೊಂಡು ಹಿಂಡಿ ಮಾರುತ್ತಿದ್ದಳು. ಜೇನುತುಪ್ಪ ಕೊಳ್ಳುವ ಉದ್ದೇಶ ನನಗಿರಲಿಲ್ಲ. ಆದರೆ ಬಿಸಿಲಿಗೆ ಮೆತ್ತಗಾದ ಮೇಣದ ವಾಸನೆ ಮೂಗಿಗೆ ಬಂದದ್ದೇ ಕಾಲು ಅಲ್ಲೇ ನಿಂತುಬಿಟ್ಟಿತು. ಒಂದೊಂದು ಮನೆಗೆ ಒಂದೊಂದು ವಾಸನೆ ಇರುತ್ತದೆ, ನಿಮ್ಮ ಮನೆಗೂ ಇದ್ದಿರಬೇಕು. ಮೂರನೇ ಬ್ಲಾಕಿನಲ್ಲಿದ್ದ ನಮ್ಮ ಹೆಂಚಿನ ಮನೆಗೆ ಇದ್ದದ್ದು ಜೇನುಮೇಣಕ್ಕೆ ದೀಪದ ಮಸಿ ಬೆರೆಸಿ ಕಾಯಿಸಿದ ವಾಸನೆ. ಅದು ವೀಣೆಯ ವಾಸನೆ. ವೀಣೆಯ ದಂಡಿಯ ಮೇಲೆ ಆ ಕಪ್ಪು ಮೇಣವನ್ನು ಮೆತ್ತಿ, ಅದರಲ್ಲಿ ಇಪ್ಪತ್ತನಾಲ್ಕು ಹಿತ್ತಾಳೆ ಮೆಟ್ಟಿಲುಗಳನ್ನು ಒಂದೊಂದಾಗಿ ಶ್ರುತಿ ನೋಡಿ ಕೂರಿಸಬೇಕು. ಮೇಳ ಕಟ್ಟುವುದು ಎಂದರೆ ಅದೇ. ಒಂದು ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಸುಳ್ಳು ಹೇಳುತ್ತದೆ. ನಮ್ಮ ಮನೆಯ ವೀಣೆಗೆ ತಾತ ಮಾತ್ರ ಮೇಳ ಕಟ್ಟುತ್ತಿದ್ದರು. ಬೇರೆ ಯಾರ ಕೈಯನ್ನೂ ಅವರು ಅದಕ್ಕೆ ತಾಗಗೊಟ್ಟವರಲ್ಲ.

ವೀಣೆ ನುಡಿಸುತ್ತಿದ್ದವಳು ತಾತನ ಮಗಳು, ನನ್ನ ಸೋದರತ್ತೆ ಪದ್ಮತ್ತೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಬಂದ ಮೇಲೆ ಒಂದು ವರ್ಷ ವೀಣೆಯ ಕಡೆ ತಿರುಗಿಯೂ ನೋಡಿರಲಿಲ್ಲವಂತೆ. ತಾತ ದಿನಾ ಬೆಳಿಗ್ಗೆ ಅದರ ಗೌಸು ತೆಗೆದು, ಒರೆಸಿ, ಶ್ರುತಿ ಮಾಡಿ, ಏನೂ ಹೇಳದೆ ಚಾಪೆಯ ಮೇಲೆ ಇಟ್ಟು ಎದ್ದುಹೋಗುತ್ತಿದ್ದರಂತೆ. ಒಂದು ದಿನ ಅವಳೇ ಬಂದು ಕೂತಳು. ಇದನ್ನು ಅಮ್ಮ ನನಗೆ ಹೇಳುವಾಗಲೆಲ್ಲ ದನಿ ತಗ್ಗಿಸಿ ಹೇಳುತ್ತಿದ್ದಳು.

ನನಗೆ ಹತ್ತು ವರ್ಷವಾದಾಗ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಒಂದು ಮಾತಿತ್ತು. ತಾತನ ಕಿವಿ ಮಂದವಾಗುತ್ತಿತ್ತು. ಹಾಲಿನವನ ಕೂಗು ಅವರಿಗೆ ಕೇಳುತ್ತಿರಲಿಲ್ಲ. ಮಾತಾಡಿಸಿದರೆ ಒಂದು ಗಳಿಗೆ ನಮ್ಮ ತುಟಿ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದರು. ಅಮ್ಮ ಅವರ ಎದುರಿಗೇ ಹೋಗಿ ನಿಂತು "ಮಾವ, ಊಟಕ್ಕೆ ಏಳಿ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಅಂಥ ದಿನಗಳಲ್ಲಿ ಪದ್ಮತ್ತೆಗೆ ರೇಡಿಯೊದಿಂದ ಕಾಗದ ಬಂತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅರ್ಧ ಗಂಟೆ ವೀಣೆ. ಆಗ ಎಲ್ಲವೂ ನೇರ ಪ್ರಸಾರ, ತಪ್ಪಿದರೆ ತಪ್ಪೇ ಊರಿಗೆಲ್ಲ ಕೇಳಿಸುತ್ತದೆ. ಇದು ಅವಳ ಮೊದಲ ಅವಕಾಶ. ಸರಿಬರದಿದ್ದರೆ ಮತ್ತೆ ಕರೆಯುವುದಿಲ್ಲ ಎಂದು ಅಪ್ಪ ವಿಚಾರಿಸಿಕೊಂಡು ಬಂದಿದ್ದರು. ಹಳೆಯ ಮೇಣ ಬಿರುಕು ಬಿಟ್ಟಿದೆ ಎಂದು ತಾತ ಗುರುವಾರವೇ ಅದನ್ನೆಲ್ಲ ಕಿತ್ತು ಹೊಸ ಮೇಳ ಕಟ್ಟಲು ಕೂತರು. ಕಿವಿಯನ್ನು ದಂಡಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮೂರು ದಿನ. ನಾವು ಮನೆಯೊಳಗೆ ತುದಿಗಾಲಲ್ಲಿ ಓಡಾಡಿದೆವು.

ಭಾನುವಾರ ಬೆಳಿಗ್ಗೆ ಪದ್ಮತ್ತೆ ವೀಣೆಯನ್ನು ತೊಡೆಗೇರಿಸಿಕೊಂಡು ಕೆಳಗಿನಿಂದ ಮೇಲಕ್ಕೆ ಸ್ವರ ಮೀಟಿದಳು. ನಾನು ಅವಳ ಬಳಿ ಪಾಠ ಕಲಿಯುತ್ತಿದ್ದವಳು, ಪಕ್ಕದಲ್ಲೇ ಕೂತಿದ್ದೆ. ಮೇಲಿನ ಸ್ಥಾಯಿಯ ಗಾಂಧಾರಕ್ಕೆ ಬಂದಾಗ ನನ್ನ ಹಲ್ಲು ಜುಮ್ಮೆಂದಿತು. ಅದರ ಹಿಂದು ಮುಂದಿನ ಎರಡು ಮೆಟ್ಟಿಲುಗಳೂ ಹಾಗೇ. ಅವಳ ಮುಖ ಬಿಳಿಚಿಕೊಂಡಿತು.

"ಹೇಗಿದೆಯೇ ಪದ್ದೂ?" ತಾತ ಅವಳ ತುಟಿಯನ್ನೇ ನೋಡುತ್ತಿದ್ದರು.

"ಸರಿಯಾಗಿದೆ ಅಪ್ಪ. ಚೆನ್ನಾಗಿ ಕೂತಿದೆ" ಎಂದಳು.

ನಮ್ಮ ಮನೆಯಲ್ಲಿ ಸ್ವರದ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹಿತ್ತಲಲ್ಲಿ ಅಪ್ಪ ಅವಳನ್ನು ಹಿಡಿದು ನಿಲ್ಲಿಸಿದರು. "ನಿಂಗೇನು ತಲೆ ಕೆಟ್ಟಿದೆಯಾ? ಬಳೇಪೇಟೆಯಿಂದ ವೀಣೆ ರಿಪೇರಿ ಮಾಡೋ ಆಚಾರ್‍ರನ್ನ ಕರ್ಕೊಂಡ್ಬರ್ತೀನಿ. ಮೂರು ಮೆಟ್ಲು ತಾನೆ, ಒಂದು ಗಂಟೆ ಕೆಲ್ಸ."

"ಬೇಡ ಅಣ್ಣ. ಅಪ್ಪ ಕೂತಿರೋವಾಗ ಇನ್ನೊಬ್ರ ಕೈ ಅದ್ರ ಮೇಲೆ ಬಿದ್ರೆ ಅವರು ಉಳಿಯಲ್ಲ."

"ನಾಳೆ ಊರೆಲ್ಲಾ ಕೇಳುತ್ತಲ್ಲೇ!"

"ನಾನು ನೋಡ್ಕೋತೀನಿ" ಎಂದು ಅವಳು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಅಪ್ಪ ಅವಳನ್ನೂ ವೀಣೆಯನ್ನೂ ಜಟಕಾದಲ್ಲಿ ಕೂರಿಸಿಕೊಂಡು ಹೋದರು. ಮನೆಯಲ್ಲಿ ಉಳಿದದ್ದು ತಾತ, ಅಮ್ಮ, ನಾನು. ತಾತ ಮಡಿಪಂಚೆ ಉಟ್ಟು, ಕುರ್ಚಿಯನ್ನು ರೇಡಿಯೊಗೆ ಒತ್ತಿ ಇಟ್ಟುಕೊಂಡು, ಅದರ ಬಟ್ಟೆಯ ಮುಖಕ್ಕೆ ಕಿವಿ ಹಚ್ಚಿ ಕೂತರು. ಅಮ್ಮ ಒಲೆಯ ಮೇಲಿನ ಹುಳಿ ಇಳಿಸಿ ಬಂದು ಬಾಗಿಲಿಗೆ ಒರಗಿ ನಿಂತಳು. ರೇಡಿಯೊದಲ್ಲಿ ಅತ್ತೆಯ ಹೆಸರು ಹೇಳಿದರು. ರಾಗ ಕಲ್ಯಾಣಿ ಎಂದರು. ಕಲ್ಯಾಣಿಯನ್ನೇ ನುಡಿಸು ಎಂದು ಹೇಳಿದ್ದವರು ತಾತನೇ. ಆ ರಾಗ ಮೇಲಿನ ಗಾಂಧಾರಕ್ಕೆ ಹೋಗದೆ ಮುಗಿಯುವುದಿಲ್ಲ ಎಂದು ನನಗೂ ಗೊತ್ತಿತ್ತು.

ಆಲಾಪನೆ ಕೆಳಗಿನಿಂದ ನಿಧಾನವಾಗಿ ಏರತೊಡಗಿತು. ನಾನು ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದೆ. ಮೇಲಿನ ಷಡ್ಜ ಬಂತು, ಶುದ್ಧವಾಗಿತ್ತು. ಅಲ್ಲಿ ಅವಳು ತುಸು ನಿಂತಳು. ಈಗ, ಈಗ ಎಂದು ನಾನು ಕಣ್ಣು ಮುಚ್ಚಿದೆ. ಗಾಂಧಾರ ಬಂತು. ಮೆಟ್ಟಿಲ ಮೇಲೆ ಬೆರಳಿಟ್ಟು ಮೀಟಿದ ಗಾಂಧಾರವಲ್ಲ ಅದು. ಸರಿಯಾಗಿದ್ದ ಕೆಳಗಿನ ಮೆಟ್ಟಿಲಲ್ಲೇ ನಿಂತು, ತಂತಿಯನ್ನು ಬಲವಾಗಿ ಪಕ್ಕಕ್ಕೆ ಎಳೆದು, ಎಳೆದು, ಸ್ವರ ಸಿಕ್ಕುವ ಜಾಗಕ್ಕೆ ತಂದು ಹಿಡಿದದ್ದು. ಸ್ವರ ದುಃಖದಿಂದ ಎದ್ದು ಬಂದ ಹಾಗಿತ್ತು. ಆಮೇಲೆ ಕೊನೆಯವರೆಗೂ ಹಾಗೆಯೇ. ಸೋತ ಮೂರು ಮೆಟ್ಟಿಲುಗಳನ್ನು ಒಮ್ಮೆಯೂ ಮುಟ್ಟದೆ, ಮೇಲಿನ ಪ್ರತಿಯೊಂದು ಸ್ವರವನ್ನೂ ಕೆಳಗಿನಿಂದ ಎಳೆದು ತಂದಳು. ಮುಗಿದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ತಾತ ಮಾತ್ರ ಹುಬ್ಬು ಗಂಟಿಕ್ಕಿಕೊಂಡು "ಇಷ್ಟೊಂದು ಎಳೀತಾಳಲ್ಲ, ಯಾರು ಹೇಳ್ಕೊಟ್ರು ಇವಳಿಗೆ?" ಎಂದರು.

ಹನ್ನೊಂದಕ್ಕೆ ಅತ್ತೆ ಬಂದು ತಾತನ ಕಾಲಿಗೆ ನಮಸ್ಕಾರ ಮಾಡಿದಳು. ಎತ್ತಲು ಅವಳ ಎಡಗೈ ಹಿಡಿದವರು ಹಾಗೇ ಅದನ್ನು ತಿರುಗಿಸಿ ನೋಡಿದರು. ಎರಡು ಬೆರಳಿನ ತುದಿಯನ್ನು ತಂತಿ ಸೀಳಿಹಾಕಿತ್ತು. ಅಪ್ಪ ಕಟ್ಟಿದ್ದ ಕರ್ಚೀಫಿನ ತುಂಡು ರಕ್ತಕ್ಕೆ ಅಂಟಿಕೊಂಡಿತ್ತು. ತಾತ ಬಹಳ ಹೊತ್ತು ನೋಡಿ ಕೈ ಬಿಟ್ಟರು.

ಊಟವಾದ ಮೇಲೆ ನನ್ನನ್ನು ಕರೆದರು. "ಪುಟ್ಟೀ, ವೀಣೆ ಮುಂದೆ ಕೂತ್ಕೊ. ಮೇಲಿನ ಗಾಂಧಾರ ಮೀಟು."

ಮೀಟಿದೆ. ಅವರು ದಂಡಿಗೆ ಕೆನ್ನೆ ಹಚ್ಚಿಕೊಂಡರು.

"ಸರಿಯಾಗಿದೆಯಾ? ನಿಮ್ಮತ್ತೆ ಹೇಳೋ ಹಾಗೆ ಹೇಳ್ಬೇಡ."

ಅತ್ತೆ ನಡುಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಬೇಡ ಎಂದು ತಲೆಯಾಡಿಸುತ್ತಿದ್ದಳು. ತಾತನ ಕಣ್ಣು ನನ್ನ ತುಟಿಯ ಮೇಲಿತ್ತು.

"ಇಲ್ಲ ತಾತ" ಎಂದೆ.

"ಎಷ್ಟು ಮೆಟ್ಲು?"

"ಮೂರು."

ಅವರು ತಲೆಯಾಡಿಸಿದರು. ನನ್ನ ತಲೆ ಸವರಿ "ಹೋಗು, ಆಡ್ಕೊ ಹೋಗು" ಎಂದರು. ಮರುದಿನ ಅವರೇ ಅಪ್ಪನಿಗೆ ಹೇಳಿ ಬಳೇಪೇಟೆಯ ಆಚಾರ್‍ರನ್ನು ಕರೆಸಿದರು. ಆಚಾರ್‍ರು ಮೇಣ ಕಾಯಿಸುವಷ್ಟು ಹೊತ್ತೂ ತಾತ ಗೋಡೆಗೆ ಮುಖ ಮಾಡಿ ಕೂತಿದ್ದರು. ಪದ್ಮತ್ತೆ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಪಾಠಕ್ಕೆ ಕರೆದಳು. ಆ ದಿನದ ವಿಷಯ ನಾವಿಬ್ಬರೂ ಅವಳು ಸಾಯುವವರೆಗೂ ಎತ್ತಲಿಲ್ಲ. ಹೇಳಿದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ತಿಳಿಯದು.

ರೇಡಿಯೊದವರು ಅವಳನ್ನು ಮತ್ತೆ ಮತ್ತೆ ಕರೆದರು. ಮೂರನೇ ಬ್ಲಾಕಿನ ಆ ಮನೆ ಹೋಗಿ ಅಲ್ಲಿ ಬಟ್ಟೆ ಅಂಗಡಿ ಬಂದು ಬಹಳ ವರ್ಷವಾಯಿತು. ಅಲ್ಲಿ ನಿಂತರೆ ನನಗೆ ಕಾಣುವುದು ತಾತನ ಕೊನೆಯ ಎರಡು ವರ್ಷಗಳು. ಅತ್ತೆಯ ಕಾರ್ಯಕ್ರಮವಿದ್ದ ಬೆಳಗುಗಳಲ್ಲಿ ಅವರು ರೇಡಿಯೊದ ಹತ್ತಿರ ಬರುತ್ತಿರಲಿಲ್ಲ. ಹೊರಗೆ ಜಗುಲಿಯ ಮೇಲೆ ಪೇಪರು ಹಿಡಿದು ಕೂತು, ಆಗಾಗ ಒಳಗೆ ತಿರುಗಿ ಅಮ್ಮನ ಮುಖ ನೋಡುತ್ತಿದ್ದರು. ಅಮ್ಮ ನಕ್ಕು ತಲೆದೂಗಿದರೆ ಪೇಪರು ಮಡಚಿಟ್ಟು ಎದ್ದು, ಅತ್ತೆ ಬರಲು ಇನ್ನೂ ಒಂದು ಗಂಟೆ ಇರುವಾಗಲೇ ಗೇಟು ತೆರೆದು, ಅದು ಗಾಳಿಗೆ ಮುಚ್ಚಿಕೊಳ್ಳದಂತೆ ಕೈಯಲ್ಲಿ ಹಿಡಿದುಕೊಂಡು ರಸ್ತೆ ನೋಡುತ್ತ ನಿಲ್ಲುತ್ತಿದ್ದರು.