ಪೂಜೆಗಿಟ್ಟ ಜಾಕ್

ನಾನು ಹುಟ್ಟಾ ಪುಕ್ಕಲ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ನಾನು ಹೇಳದಿದ್ದರೂ ನಮ್ಮಕ್ಕ ಕೆಂಚಾರ್ಲಹಳ್ಳಿಗೆಲ್ಲ ಹೇಳಿ ಆಗಿದೆ. ಅಕ್ಕ ನಮ್ಮ ಎದುರುಮನೆಯಲ್ಲೇ ಇರುತ್ತಾಳೆ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ದಿನ ಅವಳಿಗೆ ಡಯಾಲಿಸಿಸ್ ಆಗಲೇಬೇಕು. ಅದಕ್ಕೆ ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದ ತನಕ ಹೋಗಬೇಕು. ಮುಗಿಸಿಕೊಂಡು ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಅವಳಿಗಿಲ್ಲ. ಹಾಗಾಗಿ ನನ್ನ ಹಳೇ ವ್ಯಾನೇ ಗತಿ, ನಾನೇ ಡ್ರೈವರು.

ಒಂದು ಸಲ ದಾರಿಯಲ್ಲಿ ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು, ಬಿಚ್ಚಿ ಹಾಕಲು ಏನೂ ಇರಲಿಲ್ಲ. ಯಾರನ್ನೋ ಹುಡುಕಿ ಚಕ್ರ ಬದಲಿಸಿ ಹೋಗುವಷ್ಟರಲ್ಲಿ ಅಕ್ಕನ ಮೆಷಿನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ನಾಳೆ ಬನ್ನಿ ಎಂದರು. ಸಂಜೆಗೆಲ್ಲ ಅವಳ ಮುಖ ಊದಿಕೊಂಡಿತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತಳು. ಅವಳ ಎದೆ ಏರಿ ಇಳಿಯುವುದನ್ನು ನೋಡುತ್ತಾ ನಾನು ಎದುರಿಗೆ ಕೂತಿದ್ದೆ. ಮೈಯೊಳಗೆ ನೀರು ತುಂಬಿಕೊಂಡು ಮನುಷ್ಯ ಕಣ್ಣೆದುರಿಗೇ ಮುಳುಗಬಹುದು ಎಂದು ಅವತ್ತು ತಿಳಿಯಿತು. ಆ ಹೆದರಿಕೆ ನನ್ನನ್ನು ಬಿಡಲೇ ಇಲ್ಲ.

ಮಾರನೆಯ ದಿನ ಮೆಷಿನ್ನು ಸಿಕ್ಕಿ ಅಕ್ಕ ಸುಧಾರಿಸಿಕೊಂಡಳು. ನಾನು ಮೊದಲು ಮಾಡಿದ ಕೆಲಸವೆಂದರೆ ಚಿಂತಾಮಣಿಯಲ್ಲಿ ನನ್ನ ವ್ಯಾನು ನೋಡುವ ಮೆಕ್ಯಾನಿಕ್ ಸಾಬರ ಮುಂದೆ ಹೋಗಿ ನಿಂತದ್ದು. ದಾರಿಯಲ್ಲಿ ಏನೇನು ಕೆಡಬಹುದೋ ಅದಕ್ಕೆಲ್ಲ ಸಾಮಾನು ಬೇಕು ಎಂದೆ. ಅವರು ನಕ್ಕರು.

"ಎಲ್ಲಾದಕ್ಕೂ ಅಂದ್ರೆ ನನ್ನ ಅಂಗಡೀನೇ ಹೊತ್ಕೊಂಡು ಹೋಗ್ಬೇಕು ಸಾರ್. ಬೇಕಾಗಿರೋದು ಹೇಳ್ತೀನಿ, ಬರ್ಕೊಳ್ಳಿ."

ಜಾಕ್, ಚಕ್ರದ ನಟ್ಟು ಬಿಚ್ಚುವ ಪಾನಾ, ಕಟಿಂಗ್ ಪ್ಲೇಯರ್, ಫ್ಯೂಸು, ಒಂದು ಬೆಲ್ಟು, ಟೇಪು, ಗಾಳಿ ಪಂಪು. ಮಣ್ಣಿನಲ್ಲಿ ಜಾಕ್ ಹೂತುಹೋಗದಂತೆ ಕೆಳಗಿಡಲು ಒಂದು ಹಲಗೆ ತುಂಡು. ಕೊನೆಗೆ ಮೊಳದುದ್ದದ ಒಂದು ಕಬ್ಬಿಣದ ಪೈಪು ಕೊಟ್ಟರು. ಅಂಗಡಿಗಳಲ್ಲಿ ಗಾಳಿ ಗನ್ನಿನಲ್ಲಿ ಬಿಗಿದ ನಟ್ಟು ಬರಿಗೈಗೆ ಜಗ್ಗುವುದಿಲ್ಲವಂತೆ, ಪಾನಾದ ಹಿಡಿಗೆ ಪೈಪು ತೂರಿಸಿ ತುಳಿಯಬೇಕಂತೆ. "ತಗೊಂಡ್ರೆ ಆಗೋಯ್ತಾ? ನನ್ನ ಮುಂದೆ ಒಂದ್ಸಲ ಬಿಚ್ಚಿ ಹಾಕಿ" ಎಂದು ಬಿಸಿಲಲ್ಲಿ ಚಕ್ರ ಬಿಚ್ಚಿಸಿ, ಹಾಕಿಸಿ, ಮತ್ತೆ ಬಿಚ್ಚಿಸಿದರು. ಕೈ ಬೊಬ್ಬೆ ಬಂದರೂ ಮನಸ್ಸಿಗೆ ಹಾಯೆನಿಸಿತು. ರೇಷ್ಮೆಗೂಡು ತುಂಬುವ ದಪ್ಪ ಚೀಲವೊಂದಕ್ಕೆ ಎಲ್ಲವನ್ನೂ ಹಾಕಿ ಸೀಟಿನ ಹಿಂದೆ ಇಟ್ಟೆ. ಪ್ರತಿ ಸಲ ಹೊರಡುವ ಮುಂಚೆ ತೆಗೆದು ಎಣಿಸುತ್ತಿದ್ದೆ. "ಇನ್ನೊಂದ್ಸಲ ಎಣಿಸಪ್ಪ, ಮರಿ ಹಾಕಿರ್ತವೆ" ಎಂದು ಅಕ್ಕ ರೇಗಿಸುತ್ತಿದ್ದಳು.

ಆಯುಧಪೂಜೆ ಬಂತು. ಚೀಲದ ಸಾಮಾನನ್ನೆಲ್ಲ ತೊಳೆದು, ಎಣ್ಣೆ ಒರೆಸಿ, ದೇವರ ಮುಂದೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿದೆವು. ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ, ವಿಜಯದಶಮಿಯಂದು, ಮತ್ತೆ ಪೂಜೆ ಮಾಡಿಯೇ ಎತ್ತಬೇಕು. ಆ ವರ್ಷ ವಿಜಯದಶಮಿಯಂದೇ ಅಕ್ಕನ ಸರದಿ ಬಿತ್ತು. ಬೆಳಿಗ್ಗೆ ಆರಕ್ಕೆ ಹೊರಡಬೇಕು, ಪೂಜೆಗೆ ಇನ್ನೂ ಹೊತ್ತಿದೆ.

"ಎತ್ಕೊಳ್ಳೋ, ದೇವರೇನೂ ಅಂದ್ಕೊಳ್ಳಲ್ಲ. ವ್ಯಾನಿಗಿಲ್ಲದ ಮಡಿ ಜಾಕಿಗ್ಯಾಕೆ?" ಎಂದಳು ಅಕ್ಕ.

ಅವಳು ಹೇಳಿದ್ದು ನ್ಯಾಯವೇ. ಆದರೆ ನನಗೆ ಕೈ ಬರಲಿಲ್ಲ. ಪೂಜೆ ಕೆಡಿಸಿ ಎತ್ತಿದರೆ, ಆ ದೋಷ ಹೋಗಿ ಅವಳಿಗೇ ತಟ್ಟಿದರೆ? ಅವಳಿಗೇನಾದರೂ ಆದೀತೆಂದು ಹೆದರಿ ಕೂಡಿಸಿಟ್ಟಿದ್ದನ್ನು ಅದೇ ಹೆದರಿಕೆಗೆ ಬಿಟ್ಟು ಹೊರಟೆ. ಇಂಥ ಬುದ್ಧಿಗೆ ಏನನ್ನಬೇಕು!

ಚಿಂತಾಮಣಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ವ್ಯಾನು ಎಡಕ್ಕೆ ಎಳೆಯಿತು. ಇಳಿದು ನೋಡಿದರೆ ಮುಂದಿನ ಚಕ್ರ ನೆಲಕ್ಕೆ ಕೂತಿತ್ತು. ಹಬ್ಬದ ದಿನ, ಪಂಕ್ಚರ್ ಅಂಗಡಿಗಳೆಲ್ಲ ಬಂದ್. ಬಾಳೆಕಂಬ ಕಟ್ಟಿಕೊಂಡ ಟೊಮ್ಯಾಟೊ ಗಾಡಿಯೊಂದಕ್ಕೆ ಕೈ ಅಡ್ಡ ಹಿಡಿದೆ. "ಅಯ್ಯೋ ಅಣ್ಣಾ, ಪಾನಾ ಜಾಕು ಎಲ್ಲಾ ಪೂಜೆಗಿಟ್ಟಿದ್ದೀವಿ, ಇನ್ನೂ ಎತ್ತಿಲ್ಲ" ಎಂದ ಡ್ರೈವರು. ಅವನ ಹಿಂದೆ ಬಂದ ಜೀಪಿನವನೂ ಅದನ್ನೇ ಹೇಳಿದ. ಇಡೀ ತಾಲ್ಲೂಕಿನ ಜಾಕುಗಳು ಕುಂಕುಮ ಹಚ್ಚಿಕೊಂಡು ಮನೆಯಲ್ಲಿ ಕೂತಿದ್ದವು.

ಸಾಬರಿಗೆ ಫೋನ್ ಮಾಡಲು ನಾಚಿಕೆ. ಅಕ್ಕನ ಕಡೆ ತಿರುಗಿ ನೋಡಿದೆ. ಕಿಟಕಿಗೆ ತಲೆ ಒರಗಿಸಿ ಹಿಪ್ಪುನೇರಳೆ ತೋಟ ನೋಡುತ್ತಿದ್ದಳು. ಪಾದ ಆಗಲೇ ಊದಿ ಚಪ್ಪಲಿಯ ಪಟ್ಟಿ ಒತ್ತಿಕೊಂಡಿತ್ತು. ನಾಚಿಕೆ ಹಾಳಾಗಲಿ ಎಂದು ಫೋನ್ ಮಾಡಿದೆ.

"ಸಾಮಾನೆಲ್ಲಾ ಎಲ್ಲಿ ಸಾರ್?"

"ದೇವರ ಮುಂದೆ."

"ಅಲ್ಲೇ ಇರಿ, ಬರ್ತೀನಿ" ಎಂದರು.

ಅವರು ಬರುವ ತನಕ ನಾನು ವ್ಯಾನಿನ ಸುತ್ತ ತಿರುಗಿದ್ದೇ ತಿರುಗಿದ್ದು. ಐದು ನಿಮಿಷಕ್ಕೊಮ್ಮೆ "ಉಸಿರು ಹೆಂಗಿದೆ ಅಕ್ಕಾ?" ಎಂದು ಕೇಳುತ್ತಿದ್ದೆ. "ಇದೆ ಕಣೋ, ಸುಮ್ನಿರು" ಎನ್ನುತ್ತಿದ್ದಳು. ಅವಳು ಅಷ್ಟು ಸಮಾಧಾನವಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಧೈರ್ಯ ತುಂಬಲು ಹಾಗಿದ್ದಾಳೆ ಅಂದುಕೊಂಡೆ. ಸಾಬರು ಸ್ಕೂಟರಿನ ಕಾಲ ಬಳಿ ಜಾಕ್, ಪಾನಾ ಇಟ್ಟುಕೊಂಡು ಬಂದರು. ಬಂದವರೇ ಚಕ್ರ ಬದಲಿಸಿದರು.

ತಡವಾಗಿದ್ದರಿಂದ ನಾಲ್ಕು ಗಂಟೆಯ ಬದಲು ಮೂರು ಗಂಟೆ ಮೆಷಿನ್ನು ಕೊಟ್ಟರು. ಅಷ್ಟಕ್ಕೇ ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ. ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಅಕ್ಕನಿಗೆ ನೀರು ಲೆಕ್ಕ, ಅರ್ಧ ಲೋಟ ಅಷ್ಟೇ. ಅದನ್ನು ಗುಟುಕರಿಸುತ್ತಾ ಅವಳು ಅಂದಳು:

"ಒಂದು ಮಾತು ಹೇಳ್ತೀನಿ, ಬೈಯಬೇಡ. ಬೆಳಿಗ್ಗೆ ಟೈರು ಹೋಯ್ತಲ್ಲ, ನಂಗೆ ಖುಷಿ ಆಯ್ತು ಕಣೋ. ಸದ್ಯ, ಇವತ್ತು ಹೋಗಂಗಿಲ್ಲ ಅನ್ಕೊಂಡೆ."

"ಇವತ್ತೊಂದಿನಾನಾ, ಇಲ್ಲಾ ಇನ್ಮೇಲೆ ಯಾವತ್ತೂನಾ?" ಎಂದು ಕೇಳಿದೆ.

ಅವಳು ಲೋಟದ ಒಳಗೆ ನೋಡಿದಳು.

ನಾನು ಬೈದೆ. ಟೀ ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಬೈಯುತ್ತಾ ಬೈಯುತ್ತಾ ಅತ್ತೆ. "ಆಯ್ತು ಬಿಡೋ, ಬರ್ತೀನಿ" ಎಂದಳು, ಚಿಕ್ಕ ಮಗುವಿಗೆ ಹೇಳುವಂತೆ.

ಮುಂದಿನ ಸರದಿಯ ದಿನ ಬೆಳಿಗ್ಗೆ ಅವಳ ಮನೆ ಮುಂದೆ ವ್ಯಾನು ನಿಲ್ಲಿಸಿ ಹಾರ್ನ್ ಹೊಡೆದೆ. ಬೇರೆ ದಿನವಾದರೆ ಆ ಹೊತ್ತಿಗೆ ಜಗುಲಿಯ ಮೇಲೆ ಕೂತು "ಎಷ್ಟೊತ್ತೋ" ಎಂದು ಗದರುವವಳು. ಬಾಗಿಲು ಹಾಕಿಯೇ ಇತ್ತು. ಇಳಿದು ಹೋಗಿ "ಅಕ್ಕಾ" ಎಂದೆ. ಒಳಗೆ ಚಿಲಕ ತೆಗೆದ ಸದ್ದು ಕೇಳುವ ತನಕ ಬಾಗಿಲಿಗೆ ಕೈಯೂರಿ ನಿಂತೇ ಇದ್ದೆ.